ಸ್ಟಾರು, ಗೋದಲಿ, ಸೀರಿಯಲ್ ಸೆಟ್ಟು: ಕ್ರಿಸ್‌ಮಸ್ ಮನೆಯ ಕರೆಂಟಿನ ಲೆಕ್ಕ

ಕನ್ನಡದಲ್ಲಿ ಸೀರಿಯಲ್ ಅಂದ್ರೆ ಎರಡು. ಒಂದು ಸಂಜೆ ಹೊತ್ತು ಟೀವಿಯಲ್ಲಿ ಬರೋದು, ಅದು ಮುಗಿಯೋದೇ ಇಲ್ಲ. ಇನ್ನೊಂದು ಹಬ್ಬಕ್ಕೆ ಮನೆ ಮುಂದೆ ಹಾಕೋ ಸೀರಿಯಲ್ ಸೆಟ್ಟು, ಅದರಲ್ಲಿ ಒಂದು ಬಲ್ಬ್ ಹೋದರೆ ಕಥೆ ಅಲ್ಲಿಗೇ ಮುಗಿಯಿತು. ಈ ಲೇಖನ ಎರಡನೆಯದರ ಬಗ್ಗೆ, ಮತ್ತು ಅದರ ಜೊತೆಗೆ ಡಿಸೆಂಬರ್‌ನಲ್ಲಿ ಮನೆಯೊಳಗೆ ಬರುವ ಹುಲ್ಲು, ಹತ್ತಿ, ಕಾಗದ, ಮೇಣದ ಬತ್ತಿ, ನೀರಿನ ಮೋಟರು ಇವೆಲ್ಲದರ ಬಗ್ಗೆ.

ನಮ್ಮ ಕಾಲೇಜು ಇರೋದು ಮಂಗಳೂರಿನ ಕಡೆ. ಕನ್ನಡ ಸಂಘದಲ್ಲಿ ಸುಮಾರು ಅರ್ಧ ಜನ ಹುಬ್ಬಳ್ಳಿ, ಬಳ್ಳಾರಿ, ಹಾಸನ, ತುಮಕೂರು ಕಡೆಯವರು. ಗೋದಲಿ, ಕುಸ್ವಾರ್ ಅನ್ನೋ ಮಾತುಗಳನ್ನ ನಾವು ಮೊದಲು ಕೇಳಿದ್ದೇ ಇಲ್ಲಿಗೆ ಬಂದ ಮೇಲೆ. ಕುಸ್ವಾರ್ ಅಂದ್ರೆ ಹಬ್ಬದ ತಿಂಡಿಗಳ ತಟ್ಟೆ. ಅದರ ಬಗ್ಗೆ ಹಾಸ್ಟೆಲಿನವರಿಗೆ ಹೆಚ್ಚು ವಿವರಣೆ ಬೇಕಾಗಿಲ್ಲ. ಗೋದಲಿ ಅಂದ್ರೆ ಯೇಸು ಹುಟ್ಟಿದ ದನದ ಕೊಟ್ಟಿಗೆಯ ಮಾದರಿ. 1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬ ಊರಿನಲ್ಲಿ ಅಸ್ಸಿಸಿಯ ಸಂತ ಫ್ರಾನ್ಸಿಸ್ ನಿಜವಾದ ಹುಲ್ಲು ಹಾಸಿ, ಎತ್ತು ಕತ್ತೆ ನಿಲ್ಲಿಸಿ ಇಂಥದ್ದೊಂದನ್ನು ಏರ್ಪಡಿಸಿದರು. ಗೋದಲಿ ಮಾಡುವ ರೂಢಿ ಹಬ್ಬಿದ್ದು ಅಲ್ಲಿಂದ ಅಂತ ಹೇಳುತ್ತಾರೆ. 800 ವರ್ಷ ಕಳೆದರೂ ಹುಲ್ಲು ಹಾಗೇ ಉಳಿದಿದೆ. ಹೊಸದಾಗಿ ಸೇರಿರೋದು ಅದರ ಪಕ್ಕದಲ್ಲಿ ಹಾದುಹೋಗೋ 230 ವೋಲ್ಟ್.

ಮನೆ ಕಟ್ಟುವಾಗ ವೈರಿಂಗ್ ಮಾಡೋದಕ್ಕೆ ಲೈಸೆನ್ಸ್ ಇರುವವರನ್ನು ಕರೆಸುತ್ತೇವೆ. ಪೈಪು, ಜಂಕ್ಷನ್ ಬಾಕ್ಸು, ಅರ್ಥಿಂಗು ಎಲ್ಲವೂ ಕ್ರಮವಾಗಿ ಆಗುತ್ತದೆ. ಡಿಸೆಂಬರ್ ಬಂದಾಗ ಅದೇ ಮನೆಗೆ ಎರಡನೇ ವೈರಿಂಗ್ ಒಂದು ಆಗತ್ತೆ. ಕಿಟಕಿ ಸಂದಿಯಿಂದ ವೈರು ಹೊರಗೆ ಹೋಗತ್ತೆ, ಗ್ರಿಲ್ಲಿಗೆ ಸುತ್ತಿಕೊಳ್ಳತ್ತೆ, ಬಟ್ಟೆ ಒಣಗಿಸೋ ತಂತಿ ಹಿಡಿದು ಮಾವಿನ ಮರ ಹತ್ತತ್ತೆ. ಮಾಡೋದು ಒಂಬತ್ತನೇ ಕ್ಲಾಸಿನ ಹುಡುಗ, ಅಥವಾ ರಜೆಗೆ ಊರಿಗೆ ಬಂದ ಚಿಕ್ಕಪ್ಪ, ಅಥವಾ 'ನೀನು ಇಂಜಿನಿಯರಿಂಗ್ ಓದ್ತಾ ಇದ್ದೀಯಲ್ಲ, ಇದೊಂದು ಹಾಕು' ಅಂತ ಹೇಳಿಸಿಕೊಂಡ ನಾವೇ. ಇದನ್ನು ಯಾರೂ ವೈರಿಂಗ್ ಅಂತ ಕರೆಯಲ್ಲ, ಡೆಕೊರೇಷನ್ ಅಂತಾರೆ. ಕರೆಂಟಿಗೆ ಆ ವ್ಯತ್ಯಾಸ ಗೊತ್ತಾಗೋದಿಲ್ಲ. ಹಾಗಾಗಿ ಈ ತಾತ್ಕಾಲಿಕ ಕೆಲಸವನ್ನೂ ಪಕ್ಕಾ ವೈರಿಂಗ್ ಅಂತಲೇ ನೋಡಿದರೆ ಏನೇನು ಬದಲಾಗಬೇಕು ಅನ್ನೋದನ್ನ ಇಲ್ಲಿ ಬರೆಯುತ್ತಿದ್ದೇವೆ.

ಹಳೇ ಸೆಟ್ಟು, ಹೊಸ ಸೆಟ್ಟು

ಮೊದಲು ಸ್ವಲ್ಪ ಇತಿಹಾಸ. ಕ್ರಿಸ್‌ಮಸ್ ಮರಕ್ಕೆ ಹಿಂದೆ ಮೇಣದ ಬತ್ತಿಗಳನ್ನೇ ಸಿಕ್ಕಿಸುತ್ತಿದ್ದರು, ಪಕ್ಕದಲ್ಲಿ ಬಕೆಟ್ ನೀರು ಇಟ್ಟುಕೊಂಡು. ಎಡಿಸನ್ ಅವರ ಜೊತೆಗಾರ ಎಡ್ವರ್ಡ್ ಜಾನ್ಸನ್ 1882ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕಿನ ತನ್ನ ಮನೆಯ ಮರಕ್ಕೆ 80 ಬಣ್ಣದ ಬಲ್ಬುಗಳನ್ನು ಕೈಯಾರೆ ವೈರ್ ಮಾಡಿ ಉರಿಸಿದ. ಮೇಣದ ಬತ್ತಿಗೆ ಹೋಲಿಸಿದರೆ ಅದು ದೊಡ್ಡ ಸುಧಾರಣೆಯೇ. ಆದರೆ ಬೆಂಕಿಯ ಅಪಾಯ ಕಣ್ಣಿಗೆ ಕಾಣ್ತಿತ್ತು, ಕರೆಂಟಿನದ್ದು ಕಾಣಲ್ಲ.

ಅಟ್ಟದ ಮೇಲಿನ ಡಬ್ಬದಲ್ಲಿ ಇನ್ನೂ ಹಳೇ ತಂತಿ ಬಲ್ಬಿನ ಸೆಟ್ಟು ಇಟ್ಟುಕೊಂಡಿರೋ ಮನೆಗಳು ಬೇಕಾದಷ್ಟಿವೆ. ಅದರಲ್ಲಿ 40 ಬಲ್ಬ್ ಇದೆ ಅಂತಿಟ್ಟುಕೊಳ್ಳಿ. ಎಲ್ಲವೂ ಸಾಲಾಗಿ ಒಂದರ ಹಿಂದೆ ಒಂದು ಇರೋದರಿಂದ 230 ವೋಲ್ಟ್ 40 ಪಾಲಾಗಿ, ಪ್ರತಿ ಬಲ್ಬಿಗೆ 5.75 ವೋಲ್ಟ್ ಬರುತ್ತದೆ. ಇದು ಪಿಯುಸಿ ಲೆಕ್ಕ. ಪರೀಕ್ಷೆಯಲ್ಲಿ ಕೇಳದ ಪ್ರಶ್ನೆ ಏನಂದ್ರೆ, ಒಂದು ಬಲ್ಬನ್ನು ಕಿತ್ತರೆ ಆ ಖಾಲಿ ಹೋಲ್ಡರಿನ ಎರಡು ತುದಿಗಳ ನಡುವೆ ಎಷ್ಟು ವೋಲ್ಟ್ ಇರತ್ತೆ? 5.75 ಅಂತ ಬಾಯಿಗೆ ಬರತ್ತೆ. ಸರಿಯಾದ ಉತ್ತರ 230. ಸರ್ಕ್ಯೂಟ್ ತುಂಡಾದ ಕ್ಷಣ ಕರೆಂಟ್ ಹರಿಯೋದು ನಿಲ್ಲುತ್ತದೆ, ಉಳಿದ 39 ಬಲ್ಬುಗಳಲ್ಲಿ ವೋಲ್ಟೇಜ್ ಇಳಿಯೋದೇ ಇಲ್ಲ, ಪೂರ್ತಿ ಸಪ್ಲೈ ಬಂದು ಆ ಪುಟ್ಟ ಖಾಲಿ ಜಾಗದಲ್ಲಿ ಕೂರುತ್ತದೆ. ಆರು ವೋಲ್ಟಿನ ಬಲ್ಬ್ ತಾನೇ ಅಂತ ಸ್ವಿಚ್ ಹಾಕಿಟ್ಟುಕೊಂಡೇ ಒಂದೊಂದನ್ನೇ ಕಿತ್ತು ಹಾಕಿ ಪರೀಕ್ಷೆ ಮಾಡೋರು ಬೆರಳಿಡೋದು ಅಲ್ಲಿಗೆ.

ಇನ್ನೊಂದು ಜಾಣತನ ಇದೆ. ಹೋದ ಬಲ್ಬಿಗೆ ಬದಲಿ ಸಿಗದಿದ್ದಾಗ ಆ ಜಾಗದ ಎರಡು ವೈರು ಸೇರಿಸಿ ತಿರುಚಿ ಬಿಡೋದು. ಸೆಟ್ಟು ಮತ್ತೆ ಉರಿಯುತ್ತದೆ, ಮೊದಲಿಗಿಂತ ಜೋರಾಗೇ ಉರಿಯುತ್ತದೆ. ವರ್ಷಕ್ಕೆ ಎರಡರಂತೆ ನಾಲ್ಕು ವರ್ಷ ಹೀಗೆ ಮಾಡಿದರೆ 40 ಇದ್ದದ್ದು 32 ಆಗುತ್ತದೆ. ಈಗ ತಲಾ 7.2 ವೋಲ್ಟ್. ಬಲ್ಬಿನ ರೆಸಿಸ್ಟೆನ್ಸ್ ಅಷ್ಟೇ ಇದೆ ಅಂದುಕೊಂಡರೆ ಪ್ರತಿ ಬಲ್ಬಿನ ಶಾಖ ನೂರಕ್ಕೆ 56ರಷ್ಟು ಹೆಚ್ಚಾಯಿತು. ಫಿಲಮೆಂಟ್ ಬಿಸಿಯಾದಷ್ಟೂ ರೆಸಿಸ್ಟೆನ್ಸ್ ಏರುವುದರಿಂದ ನಿಜದಲ್ಲಿ ಸ್ವಲ್ಪ ಕಡಿಮೆ. ಹೇಗಾದರೂ ಅದು ಹುಲ್ಲಿನ ಮೇಲೆ, ಹತ್ತಿಯ ಹಿಮದ ಮೇಲೆ ಮಲಗಿಸುವ ವಸ್ತುವಲ್ಲ. ನಮ್ಮ ಅಭಿಪ್ರಾಯ ಕೇಳಿದರೆ ಹಳೇ ತಂತಿ ಬಲ್ಬಿನ ಸೆಟ್ಟನ್ನು ಈ ವರ್ಷವೇ ಇ-ವೇಸ್ಟಿಗೆ ಕೊಟ್ಟುಬಿಡಿ. ಅದರ ಹಳದಿ ಬೆಳಕು ಚಂದ ಅನ್ನೋದು ನಿಜ. ವಾರ್ಮ್ ವೈಟ್ ಎಲ್‌ಇಡಿಯಲ್ಲಿ ಅದಕ್ಕೆ ತೀರಾ ಹತ್ತಿರದ ಬಣ್ಣ ಸಿಗುತ್ತದೆ.

ಎಲ್‌ಇಡಿ ಬಿಸಿಯಾಗಲ್ಲ, ಹಾಗಾಗಿ ಸೇಫು ಅನ್ನೋ ಮಾತಿನಲ್ಲಿ ಅರ್ಧ ಮಾತ್ರ ಸತ್ಯ. ಬೆಂಕಿಯ ಭಯ ಬಹಳಷ್ಟು ಕಡಿಮೆ, ಶಾಕಿನ ಭಯ ಹಾಗೇ ಇದೆ. ಅಂಗಡಿಯಲ್ಲಿ ಅಗ್ಗಕ್ಕೆ ಸಿಗೋ ಸೆಟ್ಟಿನಲ್ಲಿ ಪ್ಲಗ್ಗಿನ ಹತ್ತಿರ ಒಂದು ಪುಟ್ಟ ಪ್ಲಾಸ್ಟಿಕ್ ಡಬ್ಬಿ ಇರುತ್ತದೆ, ಗುಂಡಿ ಒತ್ತಿದರೆ ಎಂಟು ಥರ ಮಿನುಗುತ್ತದೆ. ಬಿಚ್ಚಿ ನೋಡಿದರೆ ಒಳಗೆ ಸಾಮಾನ್ಯವಾಗಿ ನಾಲ್ಕು ಡಯೋಡು, ಒಂದು ಚಿಪ್ಪು, ಬೆಳಕು ಆನ್ ಆಫ್ ಮಾಡೋ ಎಸ್‌ಸಿಆರ್‌ಗಳು. ಟ್ರಾನ್ಸ್‌ಫಾರ್ಮರ್ ಇರೋದಿಲ್ಲ. ಅಂದ್ರೆ ಮೇನ್ಸ್ ಅನ್ನು ನೇರವಾಗಿ ಡಿಸಿ ಮಾಡಿ ಸಾಲಿಗೆ ಬಿಡಲಾಗಿದೆ. 230 ಅನ್ನೋದು ಆರ್‌ಎಂಎಸ್ ಲೆಕ್ಕ, ಶಿಖರದಲ್ಲಿ ಅದು 325 ವೋಲ್ಟ್ ಮುಟ್ಟುತ್ತದೆ. ಒಂದೊಂದು ಎಲ್‌ಇಡಿಗೆ ಮೂರು ವೋಲ್ಟ್ ಸಾಕು ಅನ್ನೋದು ನಿಜವಾದರೂ, ಸಿಪ್ಪೆ ಹೋದ ವೈರು ಹಿಡಿದವರಿಗೂ ಭೂಮಿಗೂ ನಡುವೆ ಇರೋದು ಆ ಮೂರು ವೋಲ್ಟ್ ಅಲ್ಲ. ಈ ಸೆಟ್ಟುಗಳ ವೈರಿನ ಸಿಪ್ಪೆಯನ್ನು ಉಗುರಿನಲ್ಲೇ ಕೆರೆದು ತೆಗೆಯಬಹುದು, ಒಳಗಿನ ತಾಮ್ರ ಕೂದಲಿನಷ್ಟು. ಕಿಟಕಿ ಬಾಗಿಲು ಒಮ್ಮೆ ಜೋರಾಗಿ ಹಾಕಿದರೆ ಸಾಕು, ಸಿಪ್ಪೆ ಕತ್ತರಿಸಿ ಹೋಗುತ್ತದೆ.

ಮನೆಯೊಳಗೆ, ಅದರಲ್ಲೂ ಮಕ್ಕಳ ಕೈಗೆ ಎಟಕುವ ಜಾಗಕ್ಕೆ, ಯುಎಸ್‌ಬಿಯಿಂದ ಉರಿಯುವ ಸರ ತೆಗೆದುಕೊಳ್ಳಿ. ತೆಳು ತಾಮ್ರದ ತಂತಿಯ ಮೇಲೆ ಅಕ್ಕಿಕಾಳಿನಂಥ ದೀಪಗಳಿರುವ ಸರ ಅದು. ಮೊಬೈಲ್ ಚಾರ್ಜರಿನ ಒಳಗೆ ಮೇನ್ಸನ್ನೂ ಹೊರಬರುವ ಐದು ವೋಲ್ಟನ್ನೂ ಬೇರ್ಪಡಿಸುವ ಪುಟ್ಟ ಟ್ರಾನ್ಸ್‌ಫಾರ್ಮರ್ ಇರುತ್ತದೆ. ಹಾಗಾಗಿ ಮಗು ತಂತಿಯನ್ನು ಹಿಡಿದೆಳೆದರೂ ಶಾಕ್ ಹೊಡೆಯಲ್ಲ. ಒಂದೇ ಷರತ್ತು, ಚಾರ್ಜರ್ ಒಳ್ಳೆಯದಿರಬೇಕು. ಮೊಬೈಲಿನ ಜೊತೆ ಬಂದದ್ದು, ಅಥವಾ ಬಿಐಎಸ್ ಗುರುತು ಮತ್ತು 'ಆರ್' ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಇರುವುದು ಆಗಬಹುದು. ಬಸ್ ಸ್ಟ್ಯಾಂಡಿನಲ್ಲಿ ಐವತ್ತು ರೂಪಾಯಿಗೆ ಸಿಗುವುದರ ಒಳಗೆ ಆ ಬೇರ್ಪಡಿಕೆ ಎಷ್ಟರ ಮಟ್ಟಿಗಿದೆ ಅಂತ ಹೊರಗಿನಿಂದ ಹೇಳಲು ಬರೋದಿಲ್ಲ.

ಎಂಸಿಬಿ ಇದೆಯಲ್ಲ ಮತ್ತೆ?

ಈ ಪ್ರಶ್ನೆ ನಮಗೆ ಪ್ರತಿ ಮನೆಯಲ್ಲೂ ಎದುರಾಗುತ್ತದೆ, ಅದಕ್ಕೇ ಇದನ್ನು ಸ್ವಲ್ಪ ನಿಧಾನವಾಗಿ ಬಿಡಿಸೋಣ. ಎಂಸಿಬಿ ಇರೋದು ವೈರನ್ನು ಕಾಪಾಡೋಕೆ, ಮನುಷ್ಯನನ್ನಲ್ಲ. ಲೈಟಿನ ಸರ್ಕ್ಯೂಟಿಗೆ ಹಾಕಿರೋ 6 ಆಂಪಿಯರಿನ ಎಂಸಿಬಿ ಬೀಳಬೇಕಾದರೆ 6 ಆಂಪಿಯರಿಗಿಂತ ಹೆಚ್ಚು ಹರಿಯಬೇಕು. ಒದ್ದೆ ಕೈಯ ಮನುಷ್ಯನ ದೇಹದ ರೆಸಿಸ್ಟೆನ್ಸ್ ಸುಮಾರು ಸಾವಿರ ಓಮ್ ಅಂತ ಹಿಡಿದರೆ 230 ವೋಲ್ಟಿಗೆ ಹರಿಯುವ ಕರೆಂಟ್ 230 ಮಿಲಿಆಂಪ್, ಅಂದ್ರೆ ಕಾಲು ಆಂಪಿಯರಿಗೂ ಕಡಿಮೆ. ಎಂಸಿಬಿಯ ಮಟ್ಟಿಗೆ ಯಾರೋ ಒಂದು ಟ್ಯೂಬ್‌ಲೈಟ್ ಹಾಕಿದರು ಅಷ್ಟೇ. ಆದರೆ ಹಿಡಿದ ಕೈ ಬಿಡಿಸಿಕೊಳ್ಳಲಾಗದಂತೆ ಸ್ನಾಯು ಬಿಗಿಯಲು ಸುಮಾರು 10 ಮಿಲಿಆಂಪ್ ಸಾಕು, ಅದರ ಹತ್ತಾರು ಪಟ್ಟು ಎದೆಯ ಮೂಲಕ ಹಾದುಹೋದರೆ ಹೃದಯದ ಬಡಿತವೇ ತಪ್ಪುತ್ತದೆ.

ಇದಕ್ಕೆ ಇರೋದು ಆರ್‌ಸಿಸಿಬಿ. ನಮ್ಮ ಕಡೆ ಹೆಚ್ಚಿನವರು ಇನ್ನೂ ಇಎಲ್‌ಸಿಬಿ ಅಂತಲೇ ಕರೆಯೋದು. ಅದು ಮಾಡುವ ಕೆಲಸ ಅಂಗಡಿಯ ಗಲ್ಲಾಪೆಟ್ಟಿಗೆಯ ಲೆಕ್ಕದ ಹಾಗೆ. ಫೇಸಿನಲ್ಲಿ ಹೋದ ಕರೆಂಟು ಅಷ್ಟೂ ನ್ಯೂಟ್ರಲ್‌ನಲ್ಲಿ ವಾಪಸ್ ಬಂತಾ ಅಂತ ಸದಾ ನೋಡ್ತಾ ಇರುತ್ತದೆ. ಎರಡು ವೈರೂ ಒಂದು ಉಂಗುರದಂಥ ಕೋರಿನ ಒಳಗಿಂದ ಹಾದುಹೋಗುತ್ತವೆ. ಎರಡೂ ಸಮ ಇದ್ದರೆ ಅವುಗಳ ಕಾಂತಕ್ಷೇತ್ರ ಒಂದನ್ನೊಂದು ಅಳಿಸಿಹಾಕುತ್ತದೆ. ವ್ಯತ್ಯಾಸ ಬಂದರೆ, ಅಂದ್ರೆ ಸ್ವಲ್ಪ ಕರೆಂಟು ಯಾರದೋ ಮೈ ಮೂಲಕ ನೆಲಕ್ಕೆ ಹೋದರೆ, ಕೋರಿನಲ್ಲಿ ಫ್ಲಕ್ಸ್ ಹುಟ್ಟಿ ಟ್ರಿಪ್ ಆಗುತ್ತದೆ. ಮನೆಗೆ ಹಾಕುವುದು 30 ಮಿಲಿಆಂಪಿನದ್ದು. ಅಷ್ಟು ಸೋರಿಕೆಗೆ ಅದು 0.3 ಸೆಕೆಂಡಿನೊಳಗೆ ಬೀಳಬೇಕು ಎಂಬುದು ಮಾನದಂಡ. ಸೆಟ್ಟಿಗೆ ಅರ್ಥ್ ಪಿನ್ ಇಲ್ಲದಿದ್ದರೂ ಇದು ಕೆಲಸ ಮಾಡುತ್ತದೆ.

ನಿಮ್ಮ ಮನೆಯ ಮೇನ್ ಬೋರ್ಡಿನಲ್ಲಿ 'ಟಿ' ಅಥವಾ ಟೆಸ್ಟ್ ಅಂತ ಬರೆದ ಪುಟ್ಟ ಗುಂಡಿ ಇರುವ ಸ್ವಿಚ್ ಇದೆಯಾ ನೋಡಿ. ಇದ್ದರೆ ಸಪ್ಲೈ ಇರುವಾಗ ಒಮ್ಮೆ ಒತ್ತಿ. ಪಟ್ ಅಂತ ಬೀಳಬೇಕು. ಬೀಳದಿದ್ದರೆ ಅದು ಗೋಡೆಗೆ ಅಲಂಕಾರ ಮಾತ್ರ, ಎಲೆಕ್ಟ್ರಿಷಿಯನ್ ಕರೆಸಿ ಬದಲಾಯಿಸಿ. ಆ ಗುಂಡಿಯೇ ಇಲ್ಲದ ಹಳೇ ಹಂಚಿನ ಮನೆಯಾದರೆ ಈ ವರ್ಷದ ಕ್ರಿಸ್‌ಮಸ್ ಬಜೆಟ್ಟಿನಲ್ಲಿ ಮೊದಲ ಖರ್ಚು ಅದೇ ಆಗಲಿ ಅನ್ನೋದು ನಮ್ಮ ಸಲಹೆ, ಒಂದು ಸಾಲು ಲೈಟು ಕಡಿಮೆ ಹಾಕಿದರೂ ಪರವಾಗಿಲ್ಲ.

ಆರ್‌ಸಿಸಿಬಿಗೂ ಒಂದು ಕುರುಡು ಜಾಗ ಇದೆ. ಒಂದೇ ಬೆರಳು ಖಾಲಿ ಹೋಲ್ಡರಿನ ಎರಡೂ ತುದಿ ಮುಟ್ಟಿದರೆ ಕರೆಂಟು ಒಂದು ಕಡೆಯಿಂದ ಬಂದು ಇನ್ನೊಂದು ಕಡೆಯಿಂದ ವಾಪಸ್ ಹೋಗುತ್ತದೆ, ಲೆಕ್ಕ ಸರಿಹೋಗುತ್ತದೆ, ಅದು ಬೀಳೋದಿಲ್ಲ. ಇನ್ನೊಂದು ಇನ್‌ವರ್ಟರ್. ಮೇನ್ ಸ್ವಿಚ್ ಇಳಿಸಿದ ಮೇಲೂ ಇನ್‌ವರ್ಟರ್ ಲೈನಿನಲ್ಲಿರುವ ಸಾಕೆಟ್ಟುಗಳಲ್ಲಿ ಕರೆಂಟು ಇರುತ್ತದೆ. 'ಮೇನ್ ಆಫ್ ಮಾಡಿದೀನಿ, ಮುಟ್ಟು' ಅನ್ನೋ ಮೊದಲು ಅದನ್ನು ನೆನಪಿಸಿಕೊಳ್ಳಿ. ಎಲ್ಲಕ್ಕಿಂತ ಸುಲಭದ ನಿಯಮ ಹೀಗೆ: ಸೆಟ್ಟಿಗೆ ಕೈ ಹಾಕುವ ಮುಂಚೆ ಪ್ಲಗ್ ಕಿತ್ತು ಕಣ್ಣಿಗೆ ಕಾಣುವ ಹಾಗೆ ಮೇಜಿನ ಮೇಲಿಡಿ. ಬರೀ ಸ್ವಿಚ್ ಆಫ್ ಸಾಲದು. ಎರಡು ಪಿನ್ನಿನ ಪ್ಲಗ್ಗನ್ನು ಹೇಗೆ ಬೇಕಾದರೂ ತಿರುಗಿಸಿ ಹಾಕಬಹುದು, ಮನೆಯಲ್ಲೇ ಜೋಡಿಸಿದ ಎಕ್ಸ್‌ಟೆನ್ಷನ್ ಬೋರ್ಡಿನಲ್ಲಿ ಸ್ವಿಚ್ ಫೇಸಿಗೇ ಬಂದಿದೆ ಅನ್ನೋ ಖಾತ್ರಿಯೂ ಇರಲ್ಲ. ಸ್ವಿಚ್ ನ್ಯೂಟ್ರಲ್ಲಿನಲ್ಲಿ ಇದ್ದರೆ ಲೈಟು ಆರುತ್ತದೆ, ವೈರಿನಲ್ಲಿ ಫೇಸ್ ಹಾಗೇ ಇರುತ್ತದೆ.

ಹೊರಗಡೆ: ನಕ್ಷತ್ರ ಕಟ್ಟುವ ಕೆಲಸ

ಕರಾವಳಿಯಲ್ಲಿ ಡಿಸೆಂಬರ್ ಅಂದ್ರೆ ಮಳೆ ಇಲ್ಲ, ಹಾಗಾಗಿ ನೀರಿನ ಚಿಂತೆ ಇಲ್ಲ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಬೆಳಗಿನ ಜಾವ ಅಂಗಳದ ಬೈಕ್ ಸೀಟು ಮುಟ್ಟಿ ನೋಡಿ. ಇಬ್ಬನಿಯಲ್ಲಿ ತೊಯ್ದಿರುತ್ತದೆ. ಅದೇ ಇಬ್ಬನಿ ವೈರಿನ ಜಾಯಿಂಟಿನ ಮೇಲೂ ಕೂತಿರುತ್ತದೆ, ಸಮುದ್ರದ ಹತ್ತಿರದ ಊರಾದರೆ ಉಪ್ಪಿನ ಅಂಶದ ಜೊತೆ. ರಾತ್ರಿ ಹನ್ನೆರಡು ಒಂದರ ಹೊತ್ತಿಗೆ ಆರ್‌ಸಿಸಿಬಿ ಬೀಳೋಕೆ ಶುರುವಾದರೆ ಸಾಮಾನ್ಯವಾಗಿ ಕಾರಣ ಇದೇ. ಆಗ ಏನು ಮಾಡ್ತಾರೆ ಗೊತ್ತಾ? 'ಇಎಲ್‌ಸಿಬಿ ಸರಿಯಿಲ್ಲ' ಅಂತ ಅದನ್ನೇ ಬೈಪಾಸ್ ಮಾಡಿಸ್ತಾರೆ. ಎಲ್ಲೋ ಕರೆಂಟು ಸೋರ್ತಿದೆ ಅಂತ ಹೇಳೋಕೆ ಬಂದವನ ಬಾಯಿ ಮುಚ್ಚಿಸಿದ ಹಾಗೆ ಅದು.

ಜಾಯಿಂಟುಗಳನ್ನು ಆದಷ್ಟು ಮನೆಯ ಸೂರಿನ ಕೆಳಗೇ ಇಟ್ಟುಕೊಳ್ಳಿ. ಹೊರಗೆ ಇಡಲೇಬೇಕಾದರೆ ಬರೀ ತಿರುಚಿ ಟೇಪ್ ಸುತ್ತಬೇಡಿ, ಸ್ಕ್ರೂ ಇರುವ ಕನೆಕ್ಟರ್ ಹಾಕಿ ಟೇಪ್ ಮಾಡಿ, ಕತ್ತರಿಸಿದ ನೀರಿನ ಬಾಟಲಿಯೊಳಗೆ ಬಾಯಿ ಕೆಳಮುಖವಾಗಿ ಬರುವಂತೆ ಸಿಕ್ಕಿಸಿ. ಹಾಲಿನ ಕವರಿನಲ್ಲಿ ಬಿಗಿಯಾಗಿ ಸುತ್ತಿಟ್ಟರೆ ಒಳಗೆ ಸೇರಿದ ತೇವ ಹೊರಗೆ ಹೋಗೋಕೆ ದಾರಿಯೇ ಇರಲ್ಲ, ಅದು ಇನ್ನೂ ಕೆಟ್ಟದ್ದು. ವೈರು ಕಿಟಕಿಯೊಳಗೆ ಬರೋ ಮೊದಲು ಒಂದು ಗೇಣು ಕೆಳಗೆ ಜೋತುಬಿದ್ದು ಮೇಲೇರಿ ಬರಲಿ. ವೈರಿನ ಮೇಲೆ ಜಾರಿ ಬಂದ ಹನಿ ಆ ತಗ್ಗಿನಿಂದ ನೆಲಕ್ಕೆ ಬೀಳುತ್ತದೆ, ಸಾಕೆಟ್ಟಿಗೆ ಬರಲ್ಲ. ಬಟ್ಟೆ ಒಣಗಿಸೋ ಜಿಐ ತಂತಿಗೆ, ಕಬ್ಬಿಣದ ಗ್ರಿಲ್ಲಿಗೆ, ತಗಡಿನ ಶೀಟಿಗೆ ಸೆಟ್ಟು ಸುತ್ತಬೇಡಿ. ಒಂದು ಕಡೆ ಸಿಪ್ಪೆ ಹೋದರೂ ಇಡೀ ತಂತಿಗೆ ಕರೆಂಟು ಬರುತ್ತದೆ. ಮರುದಿನ ಬೆಳಿಗ್ಗೆ ಒದ್ದೆ ಬಟ್ಟೆ ಹಿಡಿದು ಬರೋ ಅಜ್ಜಿಗೆ ಅದು ಗೊತ್ತಿರಲ್ಲ. ನೈಲಾನ್ ಹಗ್ಗ ಕಟ್ಟಿ, ಅದಕ್ಕೆ ಸುತ್ತಿ.

ಇನ್ನು ನಕ್ಷತ್ರ. ಬಿದಿರಿನ ಕಡ್ಡಿ ಸೀಳಿ ಬಣ್ಣದ ಕಾಗದ ಅಂಟಿಸಿ ಮನೆಯಲ್ಲೇ ಮಾಡಿದ ಸ್ಟಾರಿನ ಮುಂದೆ ಅಂಗಡಿಯದ್ದು ಯಾವ ಲೆಕ್ಕ? ಆದರೆ ಒಳಗೆ ಹಾಕೋ ಬಲ್ಬು ಯಾವುದು ಅನ್ನೋದು ಮುಖ್ಯ. 60 ವ್ಯಾಟಿನ ಹಳೇ ಬಲ್ಬ್ ನುಂಗಿದ್ದರಲ್ಲಿ ನೂರಕ್ಕೆ 90ಕ್ಕಿಂತ ಹೆಚ್ಚು ಶಾಖವಾಗಿ ಹೋಗುತ್ತದೆ, ಗಾಳಿಗೆ ಸ್ಟಾರು ಓಲಾಡಿ ಕಾಗದ ಅದಕ್ಕೆ ತಗುಲಿ ನಿಂತರೆ ಮೊದಲು ಕಂದಾಗುತ್ತದೆ, ಆಮೇಲೆ ಹೊತ್ತಿಕೊಳ್ಳುತ್ತದೆ. 5 ಅಥವಾ 7 ವ್ಯಾಟಿನ ಎಲ್‌ಇಡಿ ಬಲ್ಬ್ ಧಾರಾಳ ಸಾಕು. ಹೋಲ್ಡರನ್ನು ವೈರಿನಲ್ಲೇ ನೇತುಹಾಕಬೇಡಿ. ಭಾರವೆಲ್ಲ ಹಗ್ಗದ ಮೇಲಿರಲಿ, ಹೋಲ್ಡರಿನ ಮುಚ್ಚಳದ ಒಳಗೆ ವೈರಿಗೊಂದು ಗಂಟು ಹಾಕಿ. ಯಾರಾದರೂ ಎಳೆದರೂ ಎಳೆತ ಗಂಟಿಗೆ ಬೀಳುತ್ತದೆ, ಸ್ಕ್ರೂಗೆ ಬೀಳಲ್ಲ.

ಎತ್ತರದ ವಿಷಯದಲ್ಲಿ ಊರೂರಿಗೂ ಪೈಪೋಟಿ ಇದೆ. ಅಡಿಕೆ ಮರದ ಸಲಾಕೆಗೋ ಉದ್ದನೆಯ ಪೈಪಿಗೋ ಸ್ಟಾರ್ ಕಟ್ಟಿ ಮನೆಯ ಮೇಲೆತ್ತಿ ನಿಲ್ಲಿಸೋದು. ಇಲ್ಲಿ ನಾವು ಸ್ವಲ್ಪ ಕಟುವಾಗಿಯೇ ಹೇಳುತ್ತೇವೆ: ಕಬ್ಬಿಣದ ಪೈಪು ಬೇಡವೇ ಬೇಡ, ಮತ್ತು ಯಾವ ಕಂಬವಾದರೂ ಅದು ಯಾವ ದಿಕ್ಕಿಗೆ ಉರುಳಿದರೂ ರಸ್ತೆಯ ಕರೆಂಟಿನ ಲೈನಿಗೆ ತಗುಲದಷ್ಟು ದೂರದಲ್ಲಿರಬೇಕು. 6 ಮೀಟರಿನ ಕಂಬವಾದರೆ ಲೈನಿನಿಂದ 6 ಮೀಟರ್ ಮತ್ತು ಅದರ ಮೇಲೆ ಒಂದಿಷ್ಟು. ನಿಲ್ಲಿಸಿದ ಮೇಲೆ ಎಷ್ಟು ದೂರ ಅಂತ ಅಳೆಯೋರು ಎತ್ತುವಾಗ ಅದು ಓಲಾಡತ್ತೆ ಅನ್ನೋದನ್ನ ಮರೀತಾರೆ. ಒಣ ಬಿದಿರು ಪರವಾಗಿಲ್ಲ ಅಂತ 11 ಕೆವಿ ಲೈನಿನ ಹತ್ತಿರ ಧೈರ್ಯ ಮಾಡುವ ಹಾಗಿಲ್ಲ, ಇಬ್ಬನಿ ಬಿದ್ದ ಬಿದಿರು ಒಣ ಬಿದಿರಲ್ಲ. ಸ್ಟಾರು ಲೈನಿಗೆ ಸಿಕ್ಕಿಹಾಕಿಕೊಂಡರೆ ಕೋಲು ಹಾಕಿ ಎಳೆಯದೆ 1912ಕ್ಕೆ ಫೋನ್ ಮಾಡಿ, ಪವರ್‌ಮ್ಯಾನ್ ಬಂದು ಲೈನ್ ಆಫ್ ಮಾಡಿಸಿ ತೆಗೆಯಲಿ.

ಏಣಿಯ ಬಗ್ಗೆ ಎರಡೇ ಮಾತು. ನಾಲ್ಕು ಅಡಿ ಎತ್ತರಕ್ಕೆ ಒಂದು ಅಡಿಯಂತೆ ಬುಡ ಗೋಡೆಯಿಂದ ಆಚೆ ಇರಲಿ, ಕೆಳಗೆ ಒಬ್ಬರು ಹಿಡಿದಿರಲಿ. ಪ್ಲಾಸ್ಟಿಕ್ ಕುರ್ಚಿಯ ಮೇಲೆ ಸ್ಟೂಲು ಇಟ್ಟು ಹತ್ತೋದು, ಪಾಚಿ ಕಟ್ಟಿದ ಹಂಚಿನ ಮೇಲೆ ಕತ್ತಲಾದ ಮೇಲೆ ನಡೆಯೋದು, ಇವೆರಡರ ಬಗ್ಗೆ ನ್ಯೂಟನ್ ಆಗಲೇ ಹೇಳಿಯಾಗಿದೆ.

ಗೋದಲಿಯ ಒಳಗೆ

ಗೋದಲಿ ಮಾಡೋದು ನೋಡೋಕೇ ಒಂದು ಖುಷಿ. ಕೆಲವು ಮನೆಗಳಲ್ಲಿ ಹತ್ತು ಹನ್ನೆರಡು ದಿನ ಮೊದಲೇ ಡಬ್ಬಿ ಮುಚ್ಚಳಗಳಲ್ಲಿ ಮಣ್ಣು ತುಂಬಿ ರಾಗಿಯನ್ನೋ ಭತ್ತವನ್ನೋ ಬಿತ್ತುತ್ತಾರೆ. ಹಬ್ಬದ ಹೊತ್ತಿಗೆ ಅದು ಮೊಳೆತು ಪುಟ್ಟ ಗದ್ದೆಯಾಗುತ್ತದೆ. ಕಂದು ಕಾಗದ ಮುದುಡಿ ಬಣ್ಣ ಹೊಡೆದು ಗುಡ್ಡ, ಬೈಹುಲ್ಲಿನ ಮಾಡು, ಮರದ ಹೊಟ್ಟಿನ ದಾರಿ, ಹತ್ತಿಯ ಹಿಮ, ಥರ್ಮಾಕೋಲಿನ ಗೋಡೆ. ಮೆಕ್ಯಾನಿಕಲ್‌ನ ನಮ್ಮ ಗೆಳೆಯರೊಬ್ಬರು ಈ ಪಟ್ಟಿ ಕೇಳಿ 'ಇದು ಒಲೆ ಹೊತ್ತಿಸೋಕೆ ಬೇಕಾದ ಸಾಮಾನಿನ ಪಟ್ಟಿ' ಅಂದರು. ಮಾತು ನಿಜವೇ. ಇದರಲ್ಲಿ ಹೊತ್ತಿಕೊಳ್ಳದೇ ಇರೋದು ಆ ಹಸಿರು ಗದ್ದೆ ಒಂದೇ.

ಹಾಗಂತ ಗೋದಲಿ ಬೇಡ ಅನ್ನೋಕೆ ಆಗತ್ತಾ? ಉರಿಯೋದು ಮತ್ತು ಉರಿಸೋದು ಹತ್ತಿರ ಬಾರದ ಹಾಗೆ ನೋಡಿಕೊಂಡರಾಯಿತು. ಗೋದಲಿಯೊಳಗೆ ಐದು ವೋಲ್ಟಿನ ಸರ ಮಾತ್ರ ಹಾಕಿ, ಚಾರ್ಜರನ್ನು ಹುಲ್ಲಿನಿಂದ ಆಚೆ ಗೋಡೆಯ ಸಾಕೆಟ್ಟಿನಲ್ಲೇ ಬಿಡಿ. ಮೇಣದ ಬತ್ತಿ ಗೋದಲಿಯ ಒಳಗೆ ಅಲ್ಲ, ಮುಂದೆ, ನೀರು ತುಂಬಿದ ಅಗಲ ತಟ್ಟೆಯಲ್ಲಿ. ಹಿಮಕ್ಕೆ ಹತ್ತಿಯ ಬದಲು ಉಪ್ಪು ಉದುರಿಸಿ ನೋಡಿ, ದೂರದಿಂದ ಒಂದೇ ಥರ ಕಾಣುತ್ತದೆ, ಉರಿಯೋದೂ ಇಲ್ಲ. ಜರಿಯ ಮಾಲೆ ಪ್ಲಾಸ್ಟಿಕ್ಕಿನ ಮೇಲೆ ಲೋಹ ಲೇಪಿಸಿದ್ದು, ಅದರಲ್ಲಿ ಕರೆಂಟು ಹರಿಯಬಹುದು. ಅರ್ಧ ಸಿಕ್ಕಿಸಿದ ಪ್ಲಗ್ಗಿನ ಪಿನ್ನುಗಳ ಮೇಲೆ ಅದರ ಎಳೆ ಜೋತುಬೀಳದಂತೆ ನೋಡಿಕೊಳ್ಳಿ.

ಈಚೆಗೆ ಗೋದಲಿಯಲ್ಲಿ ಹೊಳೆ ಹರಿಸುವ ಹುಚ್ಚು ಜಾಸ್ತಿಯಾಗಿದೆ. ಅಕ್ವೇರಿಯಮ್ಮಿನ ಪುಟ್ಟ ಮೋಟರು ತಟ್ಟೆಯ ನೀರನ್ನು ಗುಡ್ಡದ ತುದಿಗೆ ಎತ್ತುತ್ತದೆ, ಅಲ್ಲಿಂದ ಜಲಪಾತ. ನಮಗೂ ಇಷ್ಟ. ಆದರೆ ಆ ಮೋಟರುಗಳಲ್ಲಿ ಹೆಚ್ಚಿನವು ಓಡೋದು 230 ವೋಲ್ಟಿನಲ್ಲಿ, ಮುಳುಗಿರೋದು ಮಕ್ಕಳು ಕೈ ಆಡಿಸುವ ನೀರಿನಲ್ಲಿ. ಮೋಟರಿನ ಸೀಲು ಬಿರುಕು ಬಿಟ್ಟಿದ್ದರೆ ನೀರಿಗೇ ಕರೆಂಟು. ಯುಎಸ್‌ಬಿಯಿಂದ ಓಡುವ ಪಂಪು ಸಿಗುತ್ತದೆ, ಅದನ್ನೇ ಹಾಕಿ. ಮೇನ್ಸಿನ ಮೋಟರೇ ಇರೋದಾದರೆ ಆರ್‌ಸಿಸಿಬಿ ಇಲ್ಲದ ಮನೆಯಲ್ಲಿ ಹೊಳೆ ಬೇಡ. ಇರುವ ಮನೆಯಲ್ಲೂ ನೀರಿಗೆ ಕೈ ಹಾಕೋ ಮೊದಲು ಪ್ಲಗ್ ತೆಗೆಯಿರಿ, ನೀರು ಬತ್ತದಂತೆ ನೋಡಿಕೊಳ್ಳಿ, ಒಣಗಿ ಓಡಿದರೆ ಮೋಟರು ಬಿಸಿಯಾಗುತ್ತದೆ.

ಮರದ ವಿಷಯ. ನಮ್ಮಲ್ಲಿ ಪೈನ್ ಸಿಗೋದಿಲ್ಲ, ಗಾಳಿಮರದ ಕೊಂಬೆ ತರುತ್ತಾರೆ. ಬಯಲುಸೀಮೆಯವರು ಸರ್ವೆ ಮರ ಅನ್ನೋದು ಇದಕ್ಕೇ. ತಂದ ದಿನ ಅದು ಹಸಿರು, ಬಾಗಿಸಿದರೆ ಬಾಗುತ್ತದೆ. ಒಣಗಿದ ಮೇಲೆ ಅದರ ಸೂಜಿಯಂಥ ಎಲೆಗಳು ಕಡ್ಡಿ ಗೀರಿದರೆ ಭಗ್ ಅನ್ನುತ್ತವೆ. ಕೊಂಬೆಯನ್ನು ಮರಳು ತುಂಬಿದ ಬಕೆಟ್ಟಿನಲ್ಲಿ ನಿಲ್ಲಿಸಿ ದಿನಾ ನೀರು ಹಾಕಿ, 20ನೇ ತಾರೀಖಿಗಿಂತ ಮೊದಲು ತರಬೇಡಿ. ಎಲೆ ಉದುರೋಕೆ ಶುರುವಾದರೆ ಲೈಟು ಬಿಚ್ಚಿಬಿಡಿ. ಆಗಮನ ಕಾಲದ ಹಸಿರು ಬಳೆಗೂ ಇದೇ ಮಾತು. ನಾಲ್ಕು ಭಾನುವಾರಕ್ಕೆ ನಾಲ್ಕು ಬತ್ತಿ. ಮೊದಲ ವಾರ ಹಸಿ ಎಲೆಯ ನಡುವೆ ಒಂದು ಬತ್ತಿ ಉರಿಯುತ್ತದೆ, ನಾಲ್ಕನೇ ವಾರ ಒಣಗಿದ ಎಲೆಯ ನಡುವೆ ನಾಲ್ಕು. ಮಧ್ಯದಲ್ಲಿ ಒಮ್ಮೆ ಎಲೆ ಬದಲಾಯಿಸಿ.

ಕೇಕಿನ ಓವನ್ನು ಮತ್ತು ಅದೇ ಬೋರ್ಡು

'ತುಂಬಾ ಲೈಟು ಹಾಕಿದ್ರೆ ಲೋಡ್ ಆಗತ್ತೆ' ಅಂತ ಹಿರಿಯರು ಬೈಯೋದು ಹಳೇ ಬಲ್ಬಿನ ಕಾಲದ ಮಾತು. ತಲಾ 10 ವ್ಯಾಟಿನ ಹತ್ತು ಎಲ್‌ಇಡಿ ಸೆಟ್ಟು ಸೇರಿದರೂ ಅರ್ಧ ಆಂಪಿಯರ್ ಆಗಲ್ಲ. ಡಿಸೆಂಬರಿನ ನಿಜವಾದ ಲೋಡು ಅಡುಗೆಮನೆಯಲ್ಲಿದೆ. ಕೇಕಿಗೆ ಓವನ್ನು, ತಿಂಡಿಗೆ ಮಿಕ್ಸಿ, ಗ್ರೈಂಡರು. ಖಾಲಿ ಸಾಕೆಟ್ಟುಗಳೆಲ್ಲ ಲೈಟಿಗೆ ಹೋಗಿರೋದರಿಂದ ಓವನ್ನಿನ ಪ್ಲಗ್ಗು ಎಕ್ಸ್‌ಟೆನ್ಷನ್ ಬೋರ್ಡಿಗೆ ಬರುತ್ತದೆ.

ಬೋರ್ಡಿನ ಸಡಿಲ ಸಾಕೆಟ್ಟಿನಲ್ಲಿ ಒಂದು ಓಮ್ ರೆಸಿಸ್ಟೆನ್ಸ್ ಇದೆ ಅಂತಿಟ್ಟುಕೊಳ್ಳಿ. 5 ಆಂಪಿಯರ್ ಹರಿದರೆ ಆ ಪಿನ್ನಿನ ಜಾಗದಲ್ಲಿ ಹುಟ್ಟುವ ಶಾಖ 25 ವ್ಯಾಟ್. ನಮ್ಮ ಲ್ಯಾಬಿನ ಸೋಲ್ಡರಿಂಗ್ ಐರನ್ ಅಷ್ಟೇ ವ್ಯಾಟಿನದ್ದು. ಅಂದ್ರೆ ಪ್ಲಾಸ್ಟಿಕ್ ಬೋರ್ಡಿನೊಳಗೆ ಉರಿಯುವ ಸೋಲ್ಡರಿಂಗ್ ಐರನ್ ಇಟ್ಟು ಮುಚ್ಚಿದಂತೆ. ಒಟ್ಟು ಕರೆಂಟು 5 ಆಂಪಿಯರೇ ಇರೋದರಿಂದ ಎಂಸಿಬಿಗೆ ಏನೂ ಗೊತ್ತಾಗಲ್ಲ. ಓವನ್ನಿಗೆ ಗೋಡೆಯ 16 ಆಂಪಿಯರ್ ಸಾಕೆಟ್ಟೇ ಬೇಕು. ಬೋರ್ಡಿಗೆ ಬೋರ್ಡು ಪೋಣಿಸಬೇಡಿ. ಪ್ಲಗ್ಗೇ ಇಲ್ಲದ ಸೆಟ್ಟಿನ ಬರಿ ವೈರುಗಳನ್ನು ಸಾಕೆಟ್ಟಿಗೆ ತುರುಕಿ ಬೆಂಕಿಕಡ್ಡಿ ಚುಚ್ಚಿ ನಿಲ್ಲಿಸೋ ಪದ್ಧತಿ ಇದೆಯಲ್ಲ, ಅದರಲ್ಲಿ ಸಡಿಲ ಕಾಂಟ್ಯಾಕ್ಟೂ ಇದೆ, ಬರಿ ತಾಮ್ರವೂ ಇದೆ, ಕಡ್ಡಿಯೂ ಇದೆ. ಟೂ ಪಿನ್ ಪ್ಲಗ್ಗಿನ ಬೆಲೆ ಒಂದು ಕಾಫಿಯಷ್ಟು. ಬೋರ್ಡನ್ನು ಹಿಂಗೈಯಿಂದ ಆಗಾಗ ಮುಟ್ಟಿ ನೋಡಿ, ಬೆಚ್ಚಗಿದ್ದರೆ ಎಲ್ಲೋ ಸಡಿಲ ಇದೆ ಅಂತ ಅರ್ಥ.

ಕುಸ್ವಾರ್ ಕರಿಯುವಾಗ ಎಣ್ಣೆ ಹೊತ್ತಿಕೊಂಡರೆ ನೀರು ಹಾಕಲೇಬೇಡಿ, ಒಲೆ ಆರಿಸಿ ಬಾಣಲೆಯ ಮೇಲೆ ಮುಚ್ಚಳವನ್ನೋ ದೊಡ್ಡ ತಟ್ಟೆಯನ್ನೋ ಜಾರಿಸಿ ಮುಚ್ಚಿ. ಇದು ಎಲ್ಲ ಹಬ್ಬಕ್ಕೂ ಅನ್ವಯ.

24ರ ರಾತ್ರಿ

ಡಿಸೆಂಬರ್ 24ರ ರಾತ್ರಿ ಮನೆಮಂದಿಯೆಲ್ಲ ಚರ್ಚಿನಲ್ಲಿ ಇರುತ್ತಾರೆ. ಬಲಿಪೂಜೆ, ಕ್ಯಾರಲ್ಸ್, ಎಲ್ಲರ ಜೊತೆ ಮಾತು, ವಾಪಸ್ ಬರೋಕೆ ಮೂರು ನಾಲ್ಕು ತಾಸಾದರೂ ಬೇಕು. ಅದೇ ಹೊತ್ತಿಗೆ ಸ್ಟಾರು ಉರಿಯುತ್ತಿರುತ್ತದೆ, ಗೋದಲಿ ಬೆಳಗುತ್ತಿರುತ್ತದೆ, ಹೊಳೆ ಹರಿಯುತ್ತಿರುತ್ತದೆ, ಮನೆಗೆ ಬೀಗ. ಇಡೀ ವರ್ಷದಲ್ಲಿ ಅತಿ ಹೆಚ್ಚು ತಾತ್ಕಾಲಿಕ ವೈರಿಂಗ್ ಇರುವ ರಾತ್ರಿಯೇ ನೋಡಿಕೊಳ್ಳೋಕೆ ಯಾರೂ ಇಲ್ಲದ ರಾತ್ರಿಯೂ ಹೌದು. ದೇವರ ಮಗು ಹುಟ್ಟುವ ರಾತ್ರಿ ಮನೆ ಕತ್ತಲಿರಬಾರದು ಅನ್ನೋ ಭಾವನೆ ನಮಗೆ ಅರ್ಥವಾಗುತ್ತದೆ. ಸಿಟೌಟಿನ ಪಕ್ಕಾ ವೈರಿಂಗಿನ ಲೈಟೊಂದನ್ನು ಹಾಕಿಟ್ಟು ಹೋಗಬಹುದಲ್ಲ. ಅಲಂಕಾರದ್ದೆಲ್ಲ ಆರಿಸೋದು ಸುಲಭವಾಗಬೇಕಾದರೆ ಮೊದಲೇ ಎಲ್ಲವನ್ನೂ ಬಾಗಿಲ ಹತ್ತಿರದ ಒಂದೇ ಸ್ವಿಚ್ಚಿನಡಿ ತನ್ನಿ. ಹೊರಡುವ ಗಡಿಬಿಡಿಯಲ್ಲಿ ಏಳು ಕಡೆ ಏಳು ಸ್ವಿಚ್ ಹುಡುಕೋರು ಯಾರೂ ಇರಲ್ಲ, ಒಂದಾದರೆ ಚಪ್ಪಲಿ ಹಾಕಿಕೊಳ್ಳುವಾಗಲೇ ಆಗಿಹೋಗುತ್ತದೆ. ಮೇಣದ ಬತ್ತಿಯನ್ನು ಬೀಗ ಹಾಕುವವರೇ ಕಣ್ಣಾರೆ ನೋಡಿ ಆರಿಸಲಿ.

ಯಾರಿಗಾದರೂ ಶಾಕ್ ಹೊಡೆದರೆ ಅವರನ್ನು ಮುಟ್ಟಬೇಡಿ. ಮೊದಲು ಮೇನ್ ಮತ್ತು ಇನ್‌ವರ್ಟರ್ ಆಫ್. ಅದಾಗದಿದ್ದರೆ ಒಣಗಿದ ಪ್ಲಾಸ್ಟಿಕ್ ಕುರ್ಚಿಯನ್ನೋ ಮರದ ಕೋಲನ್ನೋ ಬಳಸಿ ವೈರಿನಿಂದ ಬಿಡಿಸಿ. ಇದು ಮನೆಯ ವೈರಿಗೆ ಮಾತ್ರ. ರಸ್ತೆಯ ಲೈನಾದರೆ ದೂರವೇ ನಿಂತು ಫೋನ್ ಮಾಡಿ. 108ಕ್ಕೆ ಕರೆ ಮಾಡಿ, ಉಸಿರಿಲ್ಲದಿದ್ದರೆ ಎದೆ ಒತ್ತಲು ಶುರು ಮಾಡಿ. ಬೆಂಕಿಗೆ 101 ಅಥವಾ 112. ಕರೆಂಟಿನ ಬೆಂಕಿಗೆ ಸಪ್ಲೈ ತೆಗೆಯುವ ತನಕ ನೀರು ಬೇಡ, ಮರಳು ಆಗುತ್ತದೆ. ಗಾಳಿಮರ ನಿಲ್ಲಿಸೋಕೆ ತಂದ ಮರಳಿನಲ್ಲಿ ಒಂದು ಬಕೆಟ್ ಉಳಿಸಿಟ್ಟುಕೊಳ್ಳಿ.

ಇನ್ನೊಂದು ವಿಷಯ ಕರೆಂಟಿನದ್ದೇ, ಆದರೆ ಮೂರು ವೋಲ್ಟಿನದ್ದು. ಹಾಡು ಹೇಳೋ ಕಾರ್ಡು, ಬ್ಯಾಟರಿ ಮೇಣದ ಬತ್ತಿ, ಮಿನುಗೋ ಟೋಪಿ ಇವುಗಳಲ್ಲಿ ನಾಣ್ಯದಂಥ ಲಿಥಿಯಂ ಸೆಲ್ ಇರುತ್ತದೆ. ಮಗು ಅದನ್ನು ನುಂಗಿ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಅಲ್ಲಿನ ತೇವದಲ್ಲಿ ಕರೆಂಟು ಹರಿದು ಕ್ಷಾರ ಹುಟ್ಟಿ ಎರಡು ಗಂಟೆಯೊಳಗೆ ಒಳಗೋಡೆ ಸುಡತೊಡಗುತ್ತದೆ. ಬೆಳಿಗ್ಗೆ ನೋಡೋಣ ಅನ್ನುವಂತಿಲ್ಲ, ಕೂಡಲೇ ದೊಡ್ಡ ಆಸ್ಪತ್ರೆಗೆ ಒಯ್ಯಬೇಕು. ಮುಚ್ಚಳಕ್ಕೆ ಸ್ಕ್ರೂ ಇಲ್ಲದ ಆಟಿಕೆ ಕೊಳ್ಳಬೇಡಿ.

ಜನವರಿ 6ರ ಮೂವರು ರಾಜರ ಹಬ್ಬ ಮುಗಿದ ಮೇಲೆ ಎಲ್ಲ ಬಿಚ್ಚುವ ಕೆಲಸ. ಎಳೆದು ಕೀಳದೆ, ರಟ್ಟಿನ ತುಂಡಿಗೆ ಸುತ್ತಿ ಮುಚ್ಚಳ ಇರುವ ಡಬ್ಬಕ್ಕೆ ಹಾಕಿ, ಅಟ್ಟದ ಇಲಿಗಳಿಗೆ ವೈರಿನ ಸಿಪ್ಪೆ ಬಹಳ ಇಷ್ಟ. ಕೆಟ್ಟ ಸೆಟ್ಟನ್ನು ಡಬ್ಬದಲ್ಲಿ ವಾಪಸ್ ಇಡಬೇಡಿ. ಮುಂದಿನ ಡಿಸೆಂಬರಿನಲ್ಲಿ ಹೊರತೆಗೆದಾಗ ಗೋಡೆಗೆ ಹಾಕುವ ಮುಂಚೆ ಹಗಲು ಬೆಳಕಿನಲ್ಲಿ ಒಣ ನೆಲದ ಮೇಲೆ ಬಿಡಿಸಿಟ್ಟು ಉದ್ದಕ್ಕೂ ಒಮ್ಮೆ ಕಣ್ಣಾಡಿಸಿ, ಆಮೇಲೆ ಪ್ಲಗ್ ಹಾಕಿ.